ಬಟನ್ ಇಲ್ಲದ ಬರಹಗಳು

ಗಂಟಲಿನ ಕ್ಯಾನ್ಸರ್‌ನಿಂದ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರು ತಮ್ಮತಮ್ಮಲ್ಲಿ ಕಷ್ಟಸುಖ ಹಂಚಿಕೊಳ್ಳಲು ಇಂಟರ್ನೆಟ್ಟಿನಲ್ಲಿ ಒಂದು ಜಾಗ ಮಾಡಿಕೊಡಿ ಎಂದು ದಾವಣಗೆರೆಯ ಡಾಕ್ಟರೊಬ್ಬರು ಕೇಳಿದರು. ವಿದ್ಯಾನಗರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು ಹಿಂದುಮುಂದು ನೋಡದೆ ಹೂಂ ಅಂದೆ. ಬಿಟ್ಟಿ ಕೆಲಸ ನನ್ನ ಹಣೆಯಲ್ಲೇ ಬರೆದಿದೆ. ಪುಕ್ಕಟೆ ಸಿಗುವ ಫೋರಂ ತಂತ್ರಾಂಶವೊಂದನ್ನು ಹಾಕಿಕೊಟ್ಟೆ. ಒಬ್ಬರು ಬರೆದರೆ ಉಳಿದವರು ಉತ್ತರ ಬರೆಯುತ್ತಿದ್ದರು.

ಅವರಲ್ಲಿ ಹರಿಹರದವರೊಬ್ಬರಿದ್ದರು. ದಾವಣಗೆರೆ ಮಾರುಕಟ್ಟೆಯಲ್ಲಿ ತರಕಾರಿ ಹರಾಜು ಕೂಗಿಯೇ ಬದುಕಿದವರು. ಹಾಳು ಗುಟ್ಕಾ ಅವರ ಗಂಟಲನ್ನು ತಿಂದುಹಾಕಿತ್ತು. ಈಗ ಹೆಂಡತಿಗೆ ಏನು ಹೇಳಬೇಕಾದರೂ ಬರೆಯಬೇಕು, ಆಕೆಗೋ ಓದಲು ಬಾರದು. ಕೈಸನ್ನೆಯಲ್ಲಿ ನೀರು ಕೇಳಬಹುದು, ಮಾತ್ರೆ ಕೇಳಬಹುದು. ಅಷ್ಟರಲ್ಲೇ ಸಂಸಾರ ನಡೆಯುತ್ತದೆಯೇ? ಅವರು ಇದನ್ನು ಬರೆದುಕೊಂಡ ದಿನ ನನಗೆ ತಡೆಯಲಾಗದಷ್ಟು ಸಂಕಟವಾಯಿತು. ಅವರು ಬರೆದದ್ದನ್ನು ಫೋನೇ ಆಕೆಗೆ ಓದಿ ಹೇಳುವಂತೆ ಮಾಡಬೇಕು ಅನ್ನಿಸಿತು.

ತಂತ್ರಾಂಶದ ಮೂಲಕ್ಕೆ ಕೈ ಹಾಕುವಂತಿಲ್ಲ, ಹಾಕಿದರೆ ಮುಂದಿನ ಅಪ್‌ಡೇಟ್ ಬಂದಾಗ ಮಾಡಿದ್ದೆಲ್ಲ ಗೋವಿಂದ. ಹೊರಗಿನವರು ತಮಗೆ ಬೇಕಾದ್ದನ್ನು ಸೇರಿಸಲೆಂದೇ ಪ್ಲಗಿನ್ ಅನ್ನುವ ಬಾಗಿಲೊಂದನ್ನು ಬಿಟ್ಟಿರುತ್ತಾರೆ. ಅಲ್ಲಿಂದ ಜಾವಾಸ್ಕ್ರಿಪ್ಟಿನಲ್ಲಿ ಬರೆದೆ: ಪ್ರತಿ ಬರಹ ತೆರೆಯ ಮೇಲೆ ಬಂದಾಗ ಅದರ ಕೆಳಗೆ 'ಕೇಳು' ಎಂಬ ಬಟನ್ ಕೂರಬೇಕು, ಒತ್ತಿದರೆ ಫೋನಿನ ಕನ್ನಡದ ಹೆಣ್ಣುದನಿ ಅದನ್ನು ಓದಬೇಕು. ಮೊದಲ ಸಲ ಕೇಳಿದಾಗ ಅವರ ಹೆಂಡತಿ, ನಮ್ಮ ಯಜಮಾನರು ಹೆಂಗಸಾಗಿಬಿಟ್ಟರು ಎಂದು ಬಿದ್ದುಬಿದ್ದು ನಕ್ಕರಂತೆ. ಆಮೇಲೆ ಆಕೆ ರೊಟ್ಟಿ ಬಡಿಯುತ್ತಾ ಕೇಳುವುದು, ಅವರು ಪಕ್ಕದಲ್ಲೇ ಕೂತು ಬರೆಯುವುದು ಆ ಮನೆಯ ರೂಢಿಯಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಗಡ್ಡೆ ಮತ್ತೆ ಬಂತು. ಅವರು ಒಬ್ಬರೇ ಬಸ್ಸು ಹತ್ತಿ ಆಸ್ಪತ್ರೆಗೆ ಬಂದಿದ್ದ ದಿನ, ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಂದು ನನಗೊಬ್ಬಳಿಗೇ ಸಂದೇಶ ಬಂತು.

"ಕೆಲವಕ್ಕೆ ಬಟನ್ ಬ್ಯಾಡ್ರಿ ಮೇಡಂ. ಆಕಿಗೆ ಕೇಳಬಾರದು."

ಬರೆಯುವ ಜಾಗದ ಕೆಳಗೆ ಸಣ್ಣ ಚೌಕವೊಂದನ್ನು ಸೇರಿಸಿದೆ. ಅದಕ್ಕೆ ಟಿಕ್ ಹಾಕಿದರೆ ಆ ಬರಹಕ್ಕೂ ಅದಕ್ಕೆ ಬಂದ ಉತ್ತರಗಳಿಗೂ ಬಟನ್ ಬಾರದು. ಬರಬರುತ್ತಾ ಅಂಥವೇ ಹೆಚ್ಚಾದವು. ನೋವು, ಉಸಿರು ಕಟ್ಟಿ ಸಾಯುವ ಭಯ, ಎಲ್ಲವನ್ನೂ ಮುಖ ನೋಡದ ಜನರ ಮುಂದೆ ತೋಡಿಕೊಳ್ಳುತ್ತಿದ್ದರು. ಓದಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಹೆಂಡತಿಗೆ ಕೇಳಿಸುವ ಬರಹಗಳಲ್ಲಿ ಮಾತ್ರ ಸಾರು ರುಚಿಯಾಗಿತ್ತು, ನಿದ್ದೆ ಚೆನ್ನಾಗಿ ಬಂದಿತ್ತು.

ಅವರು ತೀರಿಕೊಂಡು ಕರ್ಮಗಳೆಲ್ಲ ಮುಗಿದ ಮೇಲೆ ಆಕೆ ವಿಳಾಸ ಕೇಳಿಕೊಂಡು ನನ್ನ ಮನೆಗೆ ಬಂದರು. ಚಹಾ ಬೇಡವೆಂದು ಫೋನ್ ಮುಂದೆ ಹಿಡಿದರು. ಬಟನ್ ಇಲ್ಲದವಕ್ಕೂ ಈಗ ಬಟನ್ ಹಾಕಿಕೊಡಬೇಕಂತೆ. ಸುಮ್ಮನೆ ಯಾಕಮ್ಮ ಸಂಕಟ, ಬಿಡಿ ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ. ಆಕೆ ಜಗ್ಗಲಿಲ್ಲ.

"ಬಟನ್ ಇಲ್ಲದ್ದು ಬರೆದ ದಿನ ಗೋಡೆ ಕಡೆ ತಿರುಗಿ ಮಲಗ್ತಿದ್ರು. ನಂಗೇನು ಗೊತ್ತಾಗ್ತಿರಲಿಲ್ವೇನ್ರಿ? ಯಾರ ಹತ್ರ ಆದ್ರೂ ಓದಿಸ್ಬಹುದಿತ್ತು. ಅವ್ರು ಬದುಕಿರೋವಾಗ ಅವ್ರೇ ಬ್ಯಾಡ ಅಂದಿದ್ದನ್ನ ಹೆಂಗೆ ಓದಿಸ್ಲಿ?"

ಆ ಚೌಕವನ್ನು ಲೆಕ್ಕಿಸಬೇಡ ಎಂದು ಪ್ಲಗಿನ್ನಿಗೆ ಹೇಳಲು ಒಂದು ಸಾಲು ಅಳಿಸಿದರೆ ಸಾಕಿತ್ತು. ಅಳಿಸಿದೆ. ಆಕೆ ಒಂದಾದ ಮೇಲೊಂದು ಒತ್ತುತ್ತಾ ಹೋದರು. ಸಾರಿನ ರುಚಿ ಹೇಳಿದ ದನಿಯೇ, ಅದೇ ರಾಗದಲ್ಲಿ, ಸಾವಿನ ಭಯವನ್ನೂ ಓದಿತು. ನಾನು ಅತ್ತೆ, ಆಕೆ ಅಳಲಿಲ್ಲ. ನಡುವೆ ಒಂದು ಕಡೆ ಫೋನನ್ನು ಮಗುಚಿಟ್ಟರು.

"ಕಂಡ ಕಂಡೋರ ಮುಂದೆಲ್ಲ ಅತ್ತಾರಲ್ರಿ ಮೇಡಂ. ನನ್ ಮುಂದೆ ಒಂದ್ಸಲ ಅತ್ತಿದ್ರೆ ಏನಾಗ್ತಿತ್ತು? ಅವ್ರಿಗೆ ಬೇಜಾರಾಗಬಾರ್ದು ಅಂತ ನಾನು ದಿನಾ ನಗ್ತಾ ಕುಂತಿದ್ದೆ."