ಬಾಣಂತಿಗೆ ತಂಪು ರಕ್ತ

ಶಹಾಪುರದ ಆ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ರಕ್ತದ ಫ್ರಿಜ್ಜಿಗೆ ಹನ್ನೊಂದು ವರ್ಷದಿಂದ ಲಾಡ್ಲೇಸಾಬನದೇ ಕಾವಲು. ಯಾದಗಿರಿಯ ರಕ್ತನಿಧಿಯಿಂದ ಬಂದ ಚೀಲಗಳು ಎರಡರಿಂದ ಆರು ಡಿಗ್ರಿಯೊಳಗೇ ಇರಬೇಕು. ಅದರಲ್ಲಿ ಯಾರ ಮುಲಾಜೂ ಇಲ್ಲ. ದೊಡ್ಡ ಡಾಕ್ಟರು ಒಮ್ಮೆ ಮಜ್ಜಿಗೆ ಬಾಟಲಿ ಇಡಲು ಬಂದಾಗ, "ಸಾಹೇಬ್ರ, ಇದು ನಿಮ್ಮ ಅಡಗಿಮನಿ ಅಲ್ರಿ" ಎಂದು ಅವರನ್ನೇ ಅಟ್ಟಿದ್ದ.

ಕಾಲುವೆಗೆ ನೀರು ಬಿಟ್ಟ ವಾರ ಬೋನಾಳದ ಬಸ್ಸಮ್ಮ ತನ್ನ ಸೊಸೆ ದೇವಕಮ್ಮನನ್ನು ಹೆರಿಗೆಗೆ ಕರೆತಂದಳು. ಮಗು ಗಟ್ಟಿಯಾಗಿ ಅತ್ತಿತು. ತಾಯಿಗೆ ಮಾತ್ರ ರಕ್ತ ಹೋಗಿ ಹೋಗಿ ಮುಖ ಸುಣ್ಣದಂತಾಯಿತು. ಅವಳಿಗೆ ಹೊಂದುವ ರಕ್ತ ಫ್ರಿಜ್ಜಿನಲ್ಲಿದ್ದದ್ದು ಎರಡೇ ಚೀಲ. ಲಾಡ್ಲೇಸಾಬ ಒಂದನ್ನು ನರ್ಸಮ್ಮನ ಕೈಗೆ ಕೊಟ್ಟ. ಆಕೆ ಅದನ್ನು ಮಂಚದ ಪಕ್ಕದ ಟ್ರೇಯಲ್ಲಿಟ್ಟಳೋ ಇಲ್ಲವೋ, ಪಕ್ಕದ ಕೋಣೆಯಿಂದ ಇನ್ನೊಬ್ಬಳು ಚೀರಿದಳು. ನರ್ಸಮ್ಮ ಅತ್ತ ಓಡಿದಳು.

ಬಸ್ಸಮ್ಮ ಚೀಲ ಮುಟ್ಟಿ ನೋಡಿ ಬೆಚ್ಚಿಬಿದ್ದಳು. ಬಾಣಂತಿಗೆ ಕುಡಿಯಲು ಕಾಯಿಸಿದ ನೀರು, ಮಂಚದ ಕೆಳಗೆ ಕೆಂಡ, ಕಿವಿಗೆ ಬಿಗಿದ ಬಟ್ಟೆ. ಇಷ್ಟೆಲ್ಲ ಮಾಡುವ ಊರಿನವಳು ಈ ಮಂಜುಗಡ್ಡೆಯನ್ನು ಸೊಸೆಯ ಮೈಯೊಳಗೆ ಬಿಡಲು ಒಪ್ಪುತ್ತಾಳೆಯೇ? ಆಸ್ಪತ್ರೆಯ ಹಿತ್ತಲಲ್ಲಿ ತಾನೇ ಹೊತ್ತಿಸಿದ್ದ ಅಗ್ಗಿಷ್ಟಿಕೆಯ ಮೇಲೆ ನೀರಿನ ಪಾತ್ರೆ ಕುದಿಯುತ್ತಿತ್ತು. ಚೀಲವನ್ನು ಅದರಲ್ಲಿ ಅದ್ದಿಯೇ ಬಿಟ್ಟಳು.

ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ವಾಪಸು ಬರುವಾಗ ಲಾಡ್ಲೇಸಾಬ ಎದುರಾದ. ಸೆರಗಿನಿಂದ ಹಬೆ ಏಳುವುದು ಕಂಡು ಕೂಗಿದ:

"ಏನ್ ಮಾಡ್ದಿ ಯವ್ವಾ! ಕಾಯಿಸಿದ ರಕ್ತ ಒಡದು ಹೋಗ್ತದ. ಇದನ್ನ ಏರಿಸಿದ್ರ ನಿನ್ನ ಸೊಸಿ ಉಳೀತಿದ್ಲೇನು?"

ಬಸ್ಸಮ್ಮ ಚೀಲವನ್ನು ಅವನ ಕೈಗೆ ಕೊಟ್ಟಳು. ಆದರೂ ಎರಡನೆಯ ಚೀಲ ಬಂದಾಗ ಮಂಚಕ್ಕೆ ಅಡ್ಡ ನಿಂತಳು. "ಬಿಸಿ ಬ್ಯಾಡಂದ್ರ ಬ್ಯಾಡ. ತಂಪು ಭೀ ಹಾಕಗೊಡಂಗಿಲ್ಲ!"

ದೇವಕಮ್ಮನಿಗೆ ಮೇಲುಸಿರು ಬರುತ್ತಿತ್ತು. ಬೈಯುವುದರಲ್ಲಿ ಲಾಡ್ಲೇಸಾಬನನ್ನು ಮೀರಿಸುವವರಿರಲಿಲ್ಲ, ಆದರೆ ಈಗ ಬೈಯುತ್ತ ನಿಂತರೆ ಜೀವ ಹೋಗುತ್ತಿತ್ತು. "ಯವ್ವಾ, ಚೀಲ ಅಲ್ಲ, ಬಾಣಂತಿನ್ನ ಬೆಚ್ಚಗ ಇಡು. ಕೌದಿ ಹೊದಿಸು, ಅಂಗಾಲು ತಿಕ್ಕು. ರಕ್ತ ಹನಿಹನಿ ಇಳಿತದ, ಮೈ ತಾನೇ ಬಿಸಿ ಮಾಡ್ಕೋತದ" ಎಂದ.

ಕೆಲಸ ಸಿಕ್ಕಿದ ಕೂಡಲೇ ಬಸ್ಸಮ್ಮ ದಾರಿ ಬಿಟ್ಟಳು. ನರ್ಸಮ್ಮ ರಕ್ತ ಏರಿಸಿ, ಮೊದಲ ಹದಿನೈದು ನಿಮಿಷ ಕದಲದೆ ಕೂತು ನಾಡಿ ನೋಡಿದಳು. ಸಂಜೆಗೆ ದೇವಕಮ್ಮ ಕಣ್ಣು ಬಿಟ್ಟು, "ಅತ್ತಿ, ಅಂಗಾಲು ಉರಿಯಾಕತ್ತಾವ, ಬಿಡ್ರಿ" ಎಂದಳು. ಬಸ್ಸಮ್ಮ ಗೊಳೋ ಎಂದು ಅತ್ತಳು.

ಹೊರಗೆ ಫ್ರಿಜ್ಜಿನ ಬಳಿ ಬಂದು ಲಾಡ್ಲೇಸಾಬನನ್ನು ಕೇಳಿದಳು: "ನಾ ಕೆಡಿಸಿದ್ದು ಯಾರ ರಕ್ತ?"

ಲಾಡ್ಲೇಸಾಬನಿಗೆ ಚೀಲದ ನಂಬರು ಗೊತ್ತಿತ್ತು, ಗುಂಪು ಗೊತ್ತಿತ್ತು, ತಾರೀಖು ಗೊತ್ತಿತ್ತು. "ಯಾರೋ ಪುಣ್ಯಾತ್ಮ ಕೊಟ್ಟಿದ್ದು."

"ಹಂಗಾರ ನಂದು ತಗೋ."

"ನಿನಗ ಎಪ್ಪತ್ತಾಗ್ಯಾವ. ತಗೊಳಂಗಿಲ್ಲ."

"ನೀ ಎಷ್ಟು ಸಲ ಕೊಟ್ಟಿ?"

ಊರಿಗೆಲ್ಲ ಉತ್ತರ ಕೊಡುವ ಲಾಡ್ಲೇಸಾಬ ಫ್ರಿಜ್ಜಿನ ಬಾಗಿಲು ಒರೆಸತೊಡಗಿದ. ಸೂಜಿಯೆಂದರೆ ಅವನಿಗೆ ಜೀವಭಯ. ಅದು ಹೆಂಡತಿ ಚಮನಬೀಗೆ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ.

ಮರುದಿನ ರಜೆ ಹಾಕಿ ಯಾದಗಿರಿ ಬಸ್ಸು ಹತ್ತಿದ. ರಕ್ತನಿಧಿಯ ಮಂಚದ ಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿ, ಅಲ್ಲಾನನ್ನು ನೆನೆಯುತ್ತ ಮಲಗಿದ. ಚೀಲ ತುಂಬಿತು. ಅಲ್ಲಿನ ಹುಡುಗಿ ಅದನ್ನು ಮೇಜಿನ ಮೇಲಿಟ್ಟು ಚೀಟಿ ಹುಡುಕುವುದು ಕೇಳಿಸಿದ್ದೇ ತಡ, ಕಣ್ಣು ತೆರೆಯದೆಯೇ ಗುಡುಗಿದ:

"ಏ ಬಾಯಿ, ಲಗೂ ಫ್ರಿಜ್ಜಿನ್ಯಾಗ ಇಡು! ಯಾರದೋ ಸೊಸಿ ಕಾಯಾಕತ್ತಾಳ."