ಅವಳು ಹಾರುವುದನ್ನು ಬಿಟ್ಟ ದಿನ

ಹುಣಸೂರಿನ ಬಸ್ ನಿಲ್ದಾಣದ ಹಳೇ ಪುಸ್ತಕದಂಗಡಿಯಿಂದ ಅಣ್ಣ ತಂದ ಹರಕು ಕಾಮಿಕ್ಸಿನಲ್ಲಿ ನಾನು ಅವಳನ್ನು ಮೊದಲು ನೋಡಿದ್ದು. ಆಮೇಲೆ ಅವಳು ಟಿ.ವಿ.ಗೂ ಬಂದಳು. ಕಚೇರಿಯಲ್ಲಿ ಟೈಪ್ ಮಾಡುವ ಸಾಧು ಹೆಂಗಸು. ಕನ್ನಡಕ ತೆಗೆದು ಜಡೆ ಬಿಚ್ಚಿದಳೆಂದರೆ ಲಾರಿಯನ್ನೇ ಎತ್ತಿಬಿಡುತ್ತಿದ್ದಳು. ಹಾರುವಾಗ ಸೊಂಟದ ತಂತಿ ಎದ್ದು ಕಾಣುತ್ತಿತ್ತು. ಕಂಡರೇನಂತೆ, ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ.

ಮಾತೆಲ್ಲ ಇಂಗ್ಲಿಷು. ಹನಗೋಡಿನ ನಮ್ಮ ಮನೆಯಲ್ಲಿ ಅದು ತಿಳಿಯುತ್ತಿದ್ದದ್ದು ಪಿಯುಸಿ ಓದುತ್ತಿದ್ದ ಅಣ್ಣನಿಗೊಬ್ಬನಿಗೇ. ಅವನು ಕುರ್ಚಿಯಲ್ಲಿ ಕೂತು ಹೇಳಿದ್ದೇ ಕಥೆ. ಅವನು ಬಾಯಿ ಬಿಡುವವರೆಗೆ ನಾವು ನಗುತ್ತಲೂ ಇರಲಿಲ್ಲ.

ಏಳನೇ ತರಗತಿ ಮುಗಿದ ಬೇಸಿಗೆಯಲ್ಲಿ ನಾನು ದೊಡ್ಡವಳಾದೆ. ಸೋದರಮಾವ ಹಸಿ ಸೊಪ್ಪು ಕಡಿದು ತಂದು ಹಿತ್ತಲಲ್ಲಿ ಗುಡ್ಲು ಹಾಕಿದ. ತಟ್ಟೆ, ಲೋಟ, ಚಾಪೆ ಎಲ್ಲ ಬೇರೆ, ಯಾರೂ ಮುಟ್ಟುವಂತಿಲ್ಲ. ಹೈಸ್ಕೂಲಿಗೆ ಕಳಿಸುವುದಿಲ್ಲ ಎಂದು ಅಪ್ಪ ಹೇಳಿದ್ದು ಗುಡ್ಲಿನ ಒಳಗೂ ಕೇಳಿಸಿತು. ಅವ್ವ ಇಟ್ಟುಹೋದ ಕೊಬ್ಬರಿ ಬೆಲ್ಲ ಮುಟ್ಟದೆ ಮೂರು ದಿನ ಅತ್ತೆ. ಸ್ಕೂಲಿಗೆ ಹೋಗಿಯೇ ಹೋಗುತ್ತೇನೆ ಎಂದು ಹಟ ಹಿಡಿದೆ.

ಆ ಭಾನುವಾರ ಧಾರಾವಾಹಿಯ ಕಡೆಯ ಕಂತು. ಮನೆಯೊಳಗಿನಿಂದ ಸಂಗೀತವಷ್ಟೇ ಗುಡ್ಲಿಗೆ ಕೇಳುತ್ತಿತ್ತು. ಮುಗಿದ ಮೇಲೆ ಅಣ್ಣ ಬಂದು ದೂರದಲ್ಲೇ ನಿಂತ.

"ಮುಗೀತು ಕಣಮ್ಮಿ. ಮದ್ವೆ ಆಗೋದ್ಲು. ಆ ಬಟ್ಟೆಯೆಲ್ಲ ಮಡಿಸಿ ಪೆಟ್ಟಿಗೆಗೆ ಆಕ್ಬುಟ್ಲು. ಇನ್ ಆರಕ್ಕಿಲ್ವಂತೆ."

"ಯಾಕಣ್ಣ?"

"ಮನೆ ನೋಡ್ಕೊಳೋದೇ ದೊಡ್ಡದಂತೆ ಕಣಮ್ಮಿ."

ಲಾರಿ ಎತ್ತುವವಳೇ ಬಿಟ್ಟಳಂತೆ, ನಾನ್ಯಾವ ಲೆಕ್ಕ ಅಂದುಕೊಂಡೆ. ಸಂಜೆ ಬೆಲ್ಲ ತಿಂದೆ. ಗುಡ್ಲು ಕಿತ್ತು ಸುಟ್ಟ ಮೇಲೆ ಸ್ಕೂಲಿನ ಮಾತು ಎತ್ತಲಿಲ್ಲ. ಕೆಲವೇ ವರ್ಷಗಳಲ್ಲಿ ರಾವಂದೂರಿಗೆ ಮದುವೆಯಾಗಿ ಹೋದೆ. ಹತ್ತನೇ ತರಗತಿಯನ್ನು ಎರಡು ಮಕ್ಕಳಾದ ಮೇಲೆ, ಅತ್ತೆಯ ಕಣ್ಣು ತಪ್ಪಿಸಿ ಓದಿ ಪಾಸು ಮಾಡಿದೆ. ಬಾಕಿ ಓದೆಲ್ಲ ಅಂಚೆಯಲ್ಲೇ ಆಯಿತು. ಕಳೆದುಹೋದ ವರ್ಷಗಳ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಅದನ್ನು ನುಂಗಿಕೊಂಡು ನಗುವ ವಯಸ್ಸು ನನಗಿನ್ನೂ ಬಂದಿಲ್ಲ.

ಹೋದ ತಿಂಗಳು ಮಗಳು ಆ ಹಳೇ ಧಾರಾವಾಹಿಯನ್ನು ಫೋನಿನಲ್ಲಿ ಹುಡುಕಿಕೊಟ್ಟಳು. ಕಡೆಯ ಕಂತನ್ನೇ ಮೊದಲು ಹಾಕಿಸಿದೆ. ಮದುವೆಯೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಉಂಗುರ ಹಿಡಿದು ನಿಂತ ಗಂಡಸಿಗೆ ಬೇಡವೆಂದು ಹೇಳಿ, ಕನ್ನಡಕ ತೆಗೆದು, ಕಿಟಕಿಯಿಂದ ಹಾರಿಹೋಗುತ್ತಾಳೆ. ತಂತಿ ಹಾಗೇ ಕಾಣುತ್ತದೆ. ಅದನ್ನೇ ಇನ್ನೊಮ್ಮೆ ಹಾಕಿಸಿ ನೋಡಿದೆ.

ಅಣ್ಣ ಈಗ ಎಚ್.ಡಿ. ಕೋಟೆಯಲ್ಲಿದ್ದಾನೆ, ಸರ್ಕಾರಿ ಕೆಲಸದಿಂದ ನಿವೃತ್ತ. ಅವನ ಮನೆಗೇ ಹೋಗಿ ಫೋನ್ ಮುಂದಿಟ್ಟೆ. ಅವನು ಜೋರಾಗಿ ನಕ್ಕ.

"ಇನ್ನೂ ಗ್ಯಾನ ಮಡೀಕಂಡಿದ್ದೀಯೇನಮ್ಮಿ! ಅಂಗೇಳು ಅಂದಿದ್ದು ಅವ್ವ. ಸ್ಕೂಲು ಸ್ಕೂಲು ಅಂತ ಉಣ್ಣದೆ ಕೂತಿದ್ದೆ. ಅಂಗಂದ್ಮೇಲೆ ಸುಮ್ಕಾದೆ ನೋಡು."

ನನ್ನ ಜೊತೆ ನೆಲದ ಮೇಲೆ ಕೂತು ಟಿ.ವಿ.ಯಲ್ಲಿ ಅವಳನ್ನು ನೋಡುತ್ತಿದ್ದವಳು ಅವ್ವ. ಅವಳು ಹಾರಿದಾಗಲೆಲ್ಲ ಅವ್ವ ನನ್ನ ತೊಡೆ ಹಿಡಿದುಕೊಳ್ಳುತ್ತಿದ್ದಳು. ಈಗ ಕೇಳೋಣವೆಂದರೆ ಅವ್ವನೇ ಇಲ್ಲ.

ಅಣ್ಣ ಕನ್ನಡಕ ಹಾಕಿಕೊಂಡು ಕೈ ಚಾಚಿದ. "ತತ್ತಾ ಇಲ್ಲಿ, ಕೊನೇಲಿ ಏನಂತಾಳೆ ಅಂತ ಸರಿಯಾಗಿ ಏಳ್ತೀನಿ."

ನಾನು ಫೋನನ್ನು ಚೀಲಕ್ಕೆ ಹಾಕಿಕೊಂಡೆ. "ಬ್ಯಾಡ ಬುಡಣ್ಣ" ಎಂದೆ, "ಈಗ ನಂಗೂ ಇಂಗ್ಲಿಷ್ ಬತ್ತದೆ."