ಬಾಯಿ ಮುಚ್ಚಿದ್ದಕ್ಕೆ ಏರಿದ ಬಿ.ಪಿ.

“ಐದು ನಿಮಿಷ ಮಾತಾಡ್ಬೇಡಿ, ಆಮೇಲೆ ಬಿ.ಪಿ. ನೋಡ್ತೀನಿ” ಅಂದರು ಮೈಸೂರು ಪಕ್ಕದ ಕಡಕೊಳದ ನಮ್ಮ ಕಾರ್ಖಾನೆಯ ನರ್ಸಮ್ಮ. ನಮ್ಮೂರು ವಿಜಯಪುರದಲ್ಲಿ ಐದು ನಿಮಿಷ ಸುಮ್ಮನೆ ಕೂತವನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಾರೆ. ಎರಡನೇ ನಿಮಿಷಕ್ಕೇ ನನ್ನ ಕಿವಿ ಬಿಸಿಯಾಯಿತು.

“ಜಾಸ್ತಿ ಇದೆ ಕಣ್ರೀ. ಸೋಮವಾರ ಇನ್ನೊಂದ್ಸಲ ನೋಡೋಣ.”

ಆರು ತಿಂಗಳ ಟ್ರೈನಿಂಗ್ ಮುಗಿದಿತ್ತು. ಈ ತಪಾಸಣೆಯಲ್ಲಿ ಪಾಸಾದರಷ್ಟೇ ಕೆಲಸ ಕಾಯಂ. ಧೈರ್ಯಕ್ಕೆಂದು ಮೂರು ಸ್ಟ್ರಾಂಗ್ ಕಾಫಿ ಕುಡಿದು ಬಂದಿದ್ದೆನೆಂದು ಒಪ್ಪಿಕೊಂಡೆ.

“ಕಾಫಿ ಒಂದೇ ಅಲ್ಲ. ಒಳಗೆ ಹೆದರಿಕೆ ಇದ್ರೆ ಮೆದುಳು ಎದೆಗೆ ‘ಓಡು’ ಅಂತ ಆರ್ಡರ್ ಕೊಡುತ್ತೆ. ನೀವು ಕೂತಿದ್ರೂ ಅದು ಓಡ್ತಾನೇ ಇರುತ್ತೆ. ನಿದ್ದೆ ಬರುತ್ತಾ?”

ಬರುತ್ತಿರಲಿಲ್ಲ. ಹೊಟ್ಟೆಯೂ ಕೆಟ್ಟಿತ್ತು. ಅದರ ತಪ್ಪನ್ನು ನಾನು ಇಲ್ಲಿನ ಹುಳಿಯ ಮೇಲೆ ಹಾಕಿದ್ದೆ. ಹುಳಿ ಅಂದರೆ ಸಾಂಬಾರು. ಹೆಸರು ಹುಳಿ, ಒಳಗೆ ಬೆಲ್ಲ.

ನಮ್ಮಲ್ಲಿ ಸಿಟ್ಟು ಬಂದರೆ ಓಣಿಗೆಲ್ಲ ಕೇಳುವಂತೆ ಕೂಗಿ, ಆಮೇಲೆ ಒಟ್ಟಿಗೆ ಚಹಾ ಕುಡಿಯುತ್ತೇವೆ. ಇಲ್ಲಿ ಬೈಗುಳಕ್ಕೂ ಬಹುವಚನ. “ಇನ್ನೊಂಚೂರು ಗಮನ ಕೊಟ್ರೆ ಚೆನ್ನಾಗಿರುತ್ತಲ್ವಾ?” ಅಂದ ಸೂಪರ್‌ವೈಸರ್‌ಗೆ ಕೈಮುಗಿದು ಥ್ಯಾಂಕ್ಸ್ ಹೇಳಿದ್ದೆ. ಬೈದರೆಂದು ತಿಳಿಯುವಷ್ಟರಲ್ಲಿ ಬಸ್ಸು ಮೈಸೂರು ಮುಟ್ಟಿತ್ತು. ಅಂದಿನಿಂದ ನಾನೂ ಎಲ್ಲವನ್ನೂ ನುಂಗಿಕೊಂಡು ನಗುವುದನ್ನು ಕಲಿತೆ.

ಭಾನುವಾರ ಎದೆ ಶಾಂತವಾಗಲೆಂದು ಪ್ರಾಣಾಯಾಮಕ್ಕೆ ಮಹಡಿ ಹತ್ತಿದೆ. ಕಣ್ಣು ಮುಚ್ಚಿಕೊಂಡೇ ಕೂತೆ. ಕೆಳಗೆ ಚಟಪಟ ಸದ್ದು.

“ಅಯ್ಯೋ, ನನ್ ಸಂಡಿಗೆ ಮೇಲೆ ಕೂತ್ಬುಟ್ಯಲ್ಲಪ್ಪಾ!” ಕುವೆಂಪುನಗರದ ನಮ್ಮ ಮನೆ ಓನರ್ ಪುಟ್ಟಮ್ಮ. ನನ್ನ ಮುಖ ನೋಡಿ ದನಿ ಇಳಿಸಿದರು. “ಏನಾಯ್ತು ಹೇಳು.”

ಸಂಡಿಗೆ ಪುಡಿ ಕೊಡವಿಕೊಳ್ಳುತ್ತಾ ಹೇಳಿದೆ: ಕೆಲಸ ಕಾಯಂ ಆಯಿತೆಂದು ಮೂರು ತಿಂಗಳ ಹಿಂದೆಯೇ ಅವ್ವನಿಗೆ ಸುಳ್ಳು ಹೇಳಿದ್ದೆ. ಅವಳು ಓಣಿಗೆಲ್ಲ ಪೇಢೆ ಹಂಚಿದ್ದಳು. (ತಿಂದವರು ಓದುತ್ತಿದ್ದರೆ ಕ್ಷಮಿಸಿ.) ಈಗ ಅವ್ವನ ಫೋನ್ ಬಂದರೂ ಎದೆ ಹೊಡೆದುಕೊಳ್ಳುತ್ತಿತ್ತು.

“ಈಗ್ಲೇ ಹೇಳ್ಬುಡು ಕಣಪ್ಪ. ಸಂಡಿಗೆ ಹೋದ್ರೆ ಹೋಗ್ಲಿ.”

ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿ ಹೇಳಿದೆ.

“ಏ ಮಂಗ್ಯಾ! ಪೇಢೆ ತಿಂದವ್ರಿಗೆ ಹ್ಯಾಂಗ ಮಾರಿ ತೋರಸ್ಲಿ ನಾನು?” ಸ್ಪೀಕರ್ ಹಾಕದೆಯೇ ಪುಟ್ಟಮ್ಮನಿಗೂ ಕೇಳಿಸಿತು. ನಾನೂ ತಿರುಗಿ ಕೂಗಿದೆ, ಆರು ತಿಂಗಳಲ್ಲಿ ಮೊದಲ ಸಲ. ಕೊನೆಗೆ ಅವ್ವ, “ಉಂಡಿಯೋ ಇಲ್ಲೋ?” ಅಂದಳು. ಅಂದು ಹಾಸಿಗೆಗೆ ಬಿದ್ದವನು ಬೆಳಗಾದ ಮೇಲೇ ಎದ್ದದ್ದು.

ಸೋಮವಾರ ಕಾಫಿ ಕುಡಿಯಲಿಲ್ಲ. ಐದು ನಿಮಿಷ ಸುಮ್ಮನೆ ಕೂತೆ.

“ಸರಿಯಾಗಿದೆ. ಏನ್ ಮಾಡಿದ್ರಿ?”

“ಬೈಸಿಕೊಂಡೆ.”

ನರ್ಸಮ್ಮ ನಗುತ್ತಲೇ ಸಹಿ ಹಾಕಿದರು.

ಈಗಲೂ ಭಾನುವಾರ ಮಹಡಿಯಿಂದಲೇ ಅವ್ವನಿಗೆ ಫೋನ್, ಸಂಡಿಗೆಯಿಂದ ದೂರ ನಿಂತು. “ಮೆಲ್ಲಗ್ ಮಾತಾಡಪ್ಪ, ಬೀದಿಯೋರು ಜಗಳ ಅನ್ಕೋತಾರೆ” ಅನ್ನುತ್ತಾರೆ ಪುಟ್ಟಮ್ಮ. ದನಿ ತಗ್ಗಿಸುತ್ತೇನೆ. ಆ ಕಡೆ ಅವ್ವ ಗಾಬರಿಯಾಗುತ್ತಾಳೆ: “ಯಾಕೋ ಇಷ್ಟು ಮೆತ್ತಗ ಮಾತಾಡ್ತಿ? ಮೈಯಾಗ ಆರಾಮ ಇಲ್ಲೇನು?”